ನಮ್ಮ ಮನೆಯ ಮೇಲೆ ಸಾವಿರ ಅಡಿ

ನಲವತ್ತು ದಾಟಿದ ಮನುಷ್ಯನಿಗೆ ಏನು ಬೇಕಾದರೂ ಬರಲಿ, ಪರೀಕ್ಷೆ ಬರೆಯುವ ದುರ್ಬುದ್ಧಿ ಮಾತ್ರ ಬರಬಾರದು. ಬಿ.ಪಿ. ಬಂದರೆ ಮಾತ್ರೆ ಇದೆ, ಕನ್ನಡಕ ಬಂದರೆ ಕೂರಿಸಲು ಮೂಗಿದೆ. ಪರೀಕ್ಷೆಯ ಹುಚ್ಚಿಗೆ ಯಾವ ಔಷಧವೂ ಇಲ್ಲ. ನನಗೀಗ ನಲವತ್ತೇಳು. ದೇವನಹಳ್ಳಿ ಪಕ್ಕದ ವಿಜಯಪುರದಲ್ಲಿ ರೇಷ್ಮೆ ನೂಲಿಗೆ ಹುರಿ ಹಾಕುವ ಪುಟ್ಟ ಕಾರ್ಖಾನೆ ನನ್ನದು. ದಿನವಿಡೀ ಗಿರಗಿರ ತಿರುಗುವ ಮಿಷನ್ನುಗಳ ಮಧ್ಯೆ ಕೂತು ನಾನು ಓದುತ್ತಿದ್ದದ್ದು ವಿಮಾನಯಾನದ ನಿಯಮಗಳ ಪುಸ್ತಕ. ಓದುತ್ತಿದ್ದೆ ಎಂದರೂ ಸುಳ್ಳಾಗುತ್ತದೆ. ಒಂದು ವರ್ಷ ನಾನು ಆ ಪುಸ್ತಕದ ಹನ್ನೊಂದನೇ ಪುಟದಲ್ಲಿ ವಾಸವಾಗಿದ್ದೆ. ಹನ್ನೆರಡಕ್ಕೆ ಹೋದರೆ ಹನ್ನೊಂದು ಮರೆತುಹೋಗುತ್ತಿತ್ತು, ವಾಪಸು ಹನ್ನೊಂದಕ್ಕೆ ಬಂದರೆ ನಿದ್ದೆ ಬರುತ್ತಿತ್ತು. ಹೌದು ಸ್ವಾಮಿ, ನಾನು ಪ್ರೈವೇಟ್ ಪೈಲಟ್ ಲೈಸೆನ್ಸಿಗೆ ಕಲಿಯುತ್ತಿರುವ ವಿದ್ಯಾರ್ಥಿ. ಇದಕ್ಕೆಲ್ಲ ದುಡ್ಡೆಲ್ಲಿಂದ ಬಂತು ಎಂದು ನೀವು ಕೇಳಬೇಡಿ. ಆ ಪ್ರಶ್ನೆಯನ್ನು ನನ್ನ ಹೆಂಡತಿ ಸುಜಾತ ಗುತ್ತಿಗೆ ಹಿಡಿದಿದ್ದಾಳೆ.

ಇಷ್ಟಕ್ಕೂ ಕಾರಣ ನಮ್ಮಮ್ಮ. ದೇವನಹಳ್ಳಿಯಲ್ಲಿ ಏರ್‌ಪೋರ್ಟ್ ಆದಾಗಿನಿಂದ ನಮ್ಮೂರಿನ ಆಕಾಶ ನಮ್ಮ ಕೈಯಲ್ಲಿಲ್ಲ. ಊರಿನವರು ಆ ಸದ್ದಿಗೆ ಎಷ್ಟು ಒಗ್ಗಿಹೋಗಿದ್ದಾರೆಂದರೆ, ಫೋನಿನಲ್ಲಿ ಜಗಳವಾಡುತ್ತಿದ್ದವರು ವಿಮಾನ ಬಂದಾಗ ಅರ್ಧ ನಿಮಿಷ ಬಾಯಿ ಮುಚ್ಚಿ, ಅದು ಹೋದ ಮೇಲೆ ಬೈಗುಳವನ್ನು ಬಿಟ್ಟಲ್ಲಿಂದಲೇ ಮುಂದುವರಿಸುತ್ತಾರೆ. ಅಮ್ಮ ಮಾತ್ರ ಒಗ್ಗಲಿಲ್ಲ. ಆಕೆಗೆ ಎಪ್ಪತ್ತೆಂಟು. ಸಂಜೆಯಾದರೆ ಒಂದು ಕೈಯಲ್ಲಿ ಮಂಡಿ, ಇನ್ನೊಂದು ಕೈಯಲ್ಲಿ ಗೋಡೆ ಹಿಡಿದುಕೊಂಡು ಹದಿನೆಂಟು ಮೆಟ್ಟಿಲು ಹತ್ತಿ, ತಾರಸಿಯ ಮೇಲೆ ನಿಂತು ವಿಮಾನ ನೋಡುತ್ತಾಳೆ. ಎರಡು ವರ್ಷದ ಹಿಂದೆ ಒಂದು ಸಂಜೆ ಕಾಫಿ ತೆಗೆದುಕೊಂಡು ಹೋದವನು ಸುಮ್ಮನೆ ಕೊಟ್ಟು ಬರಬೇಕೋ ಬೇಡವೋ? "ಚಿಕ್ಕೋನಾಗಿದ್ದಾಗ ನಂಗೂ ವಿಮಾನ ಓಡಿಸ್ಬೇಕು ಅಂತ ಆಸೆ ಇತ್ತಮ್ಮ" ಎಂದುಬಿಟ್ಟೆ.

ಅಮ್ಮ ಲೋಟ ಕೆಳಗಿಟ್ಟಳು. "ಇತ್ತಾ? ಹಂಗಾರೆ ಯಾಕ್ಲಾ ಬಿಟ್ಟೆ? ಈಗ ಕಲ್ತ್ಕೋ. ಒಂದೇ ಒಂದ್ಸಲ ನಮ್ಮನೆ ಮ್ಯಾಲೆ ಬಾ. ನಾನಿಲ್ಲಿ ನಿಂತ್ಕಂಡು ಟವಲ್ ಬೀಸ್ತೀನಿ."

"ನೀನು ಟವಲ್ ಬೀಸು, ನಾನು ರೆಕ್ಕೆ ಅಲ್ಲಾಡಿಸ್ತೀನಿ" ಎಂದು ನಕ್ಕೆ. ನಕ್ಕಿದ್ದು ನಾನೊಬ್ಬನೇ. ಅಮ್ಮ ಜೀವಮಾನದಲ್ಲಿ ನನ್ನನ್ನು ಒಂದು ಸೀರೆ ಬೇಕು ಎಂದು ಕೇಳಿದವಳಲ್ಲ, ಒಂದು ಯಾತ್ರೆ ಬೇಕು ಎಂದವಳಲ್ಲ. ಕೇಳಿದ್ದು ಇದೊಂದೇ. ಮಾರನೆಯ ದಿನದಿಂದ ಊಟಕ್ಕೆ ಕೂತಾಗಲೆಲ್ಲ "ಮುನಿರಾಜ, ಯಾವಾಗ್ಲಾ?" ಶುರುವಾಯಿತು. ಆರು ತಿಂಗಳು ತಡೆದೆ. ಆಮೇಲೆ ಯಲಹಂಕದ ಕಡೆಯ ಒಂದು ಫ್ಲೈಯಿಂಗ್ ಸ್ಕೂಲಿಗೆ ಹೋಗಿ ಹೆಸರು ಬರೆಸಿದೆ.

ಅಲ್ಲಿ ಮೊದಲಿಗೆ ಒಂದು ಸ್ಟೂಡೆಂಟ್ ಲೈಸೆನ್ಸ್ ಕೊಡುತ್ತಾರೆ. ನಮ್ಮ ಆರ್.ಟಿ.ಒ. ಆಫೀಸಿನ ಎಲ್.ಎಲ್.ಆರ್. ಇದ್ದಹಾಗೆ. ಗುರುಗಳು ಪಕ್ಕದಲ್ಲಿ ಕೂತು ನಮ್ಮ ತಪ್ಪುಗಳನ್ನು ತಿದ್ದಿ, ಇಬ್ಬರ ಜೀವವನ್ನೂ ಉಳಿಸಲು ಕೊಡುವ ಅನುಮತಿ ಅಷ್ಟೆ. ಈ ಕಾಗದವನ್ನು ನಾನು ಪಕ್ಕದ ಮನೆಯ ನಯಾಜ್‌ಗೆ ತೋರಿಸಬಾರದಿತ್ತು. ನಯಾಜ್ ನನ್ನ ಜೊತೆ ಓದಿದವನು, ಗೂಡಿನಿಂದ ನೂಲು ತೆಗೆಯುವ ಕೆಲಸ ಅವನದು. ಅವನ ನೂಲಿಗೆ ನಾನು ಹುರಿ ಹಾಕುತ್ತೇನೆ, ನನ್ನ ಮಾನಕ್ಕೆ ಅವನು ಹುರಿ ಹಾಕುತ್ತಾನೆ. ಮೂರನೆಯ ದಿನ ಬಸ್ ಸ್ಟ್ಯಾಂಡಿನಲ್ಲಿ ಹತ್ತಡಿ ಅಗಲದ ಫ್ಲೆಕ್ಸ್ ಎದ್ದಿತು. 'ವಿಜಯಪುರದ ಹೆಮ್ಮೆಯ ಪುತ್ರ ಕ್ಯಾಪ್ಟನ್ ಮುನಿರಾಜು ಅವರಿಗೆ ಹಾರ್ದಿಕ ಅಭಿನಂದನೆಗಳು.' ನನ್ನ ರೇಷನ್ ಕಾರ್ಡಿನ ಮುಖವನ್ನು ಯಾರದೋ ಯೂನಿಫಾರಂ ಮೈಗೆ ಅಂಟಿಸಿದ್ದರು. ಹಿಂದೆ ನಾಲ್ಕು ಎಂಜಿನ್ನಿನ ವಿಮಾನ. ಕೆಳಗೆ ಶುಭ ಕೋರುವವರ ಹನ್ನೆರಡು ಮುಖಗಳು, ಮೊದಲನೆಯದು ನಯಾಜನದು, ಸೈಜಿನಲ್ಲಿ ನನ್ನ ಮುಖಕ್ಕಿಂತ ಸ್ವಲ್ಪ ದೊಡ್ಡದು.

"ಲೇ, ಅದು ಬರೀ ಎಲ್.ಎಲ್.ಆರ್. ಕಣೋ!" ಎಂದು ಕೂಗಾಡಿದೆ.

"ಇರ್ಲಿ ಬಿಡು ಗುರು. ಫ್ಲೆಕ್ಸ್‌ನಲ್ಲಿ ಎಲ್.ಎಲ್.ಆರ್. ಅಂತ ಹಾಕಿದ್ರೆ ಲುಕ್ ಬರುತ್ತಾ?" ಎಂದ ನಯಾಜ್.

ಹೀಗೆ ನಾನು ಕ್ಯಾಪ್ಟನ್ ಆದ ಮೇಲೆ ಕಲಿಯಲು ಕೂತೆ. ಹಾರುವುದು ಅಷ್ಟೇನೂ ಕಷ್ಟವಾಗಲಿಲ್ಲ. ಕಲಿಸುವ ಮೇಡಂಗೆ ಇಪ್ಪತ್ತಾರು ವರ್ಷ. ನೆಲದ ಮೇಲೆ ನನ್ನನ್ನು "ಅಂಕಲ್" ಅನ್ನುತ್ತಾರೆ, ಮೇಲೆ ಹೋದಾಗ ಏನೇನೋ ಅನ್ನುತ್ತಾರೆ. ನನ್ನನ್ನು ಕೊಂದದ್ದು ನಿಯಮಗಳ ಪತ್ರಿಕೆ. ಹನ್ನೊಂದನೇ ಪುಟದಲ್ಲಿ ವಿಮಾನ ಎಂದರೇನು ಎಂಬ ವ್ಯಾಖ್ಯೆ ಇದೆ. ಭೂಮಿಯ ಮೇಲ್ಮೈಗೆ ಬಡಿದ ಗಾಳಿಯ ಪ್ರತಿಕ್ರಿಯೆಯನ್ನು ಬಿಟ್ಟು ಉಳಿದ ಗಾಳಿಯ ಪ್ರತಿಕ್ರಿಯೆಗಳಿಂದ ವಾತಾವರಣದಲ್ಲಿ ಆಧಾರ ಪಡೆಯಬಲ್ಲ ಯಾವುದೇ ಯಂತ್ರ. ಇದನ್ನು ಗಟ್ಟಿಯಾಗಿ ಬಾಯಿಪಾಠ ಮಾಡುತ್ತಿದ್ದಾಗ ಅವರೆಕಾಯಿ ಸುಲಿಯುತ್ತಾ ಕೂತಿದ್ದ ಅಮ್ಮ ತಲೆಯೆತ್ತಿದಳು. "ಅದೇನ್ಲಾ ಅದು?"

"ವಿಮಾನ ಅಂದ್ರೆ ಏನು ಅಂತಮ್ಮ."

"ಅದು ಇಮಾನ ಓಡ್ಸೋರಿಗೆ ಗೊತ್ತಿಲ್ವಾ? ಮ್ಯಾಲೆ ನೋಡಿದ್ರೆ ಕಾಣಲ್ವಾ?" ಎಂದು ಮತ್ತೆ ಅವರೆಕಾಯಿಗೆ ಕೈಹಾಕಿದಳು.

ಆ ಪುಸ್ತಕ ನನ್ನ ಸಂಸಾರವನ್ನೂ ಬಿಡಲಿಲ್ಲ. ರೇಡಿಯೋದಲ್ಲಿ 'ರೋಜರ್' ಎಂದರೆ ನೀವು ಹೇಳಿದ್ದು ಕೇಳಿಸಿತು ಎಂದಷ್ಟೇ ಅರ್ಥವಂತೆ. ಹಾಗೇ ಮಾಡುತ್ತೇನೆ ಎನ್ನಬೇಕಾದರೆ 'ವಿಲ್ಕೋ' ಅನ್ನಬೇಕು. ಇದನ್ನು ಓದಿದಾಗ ನನಗೆ ಜ್ಞಾನೋದಯವಾಯಿತು. ಇಪ್ಪತ್ತೆರಡು ವರ್ಷದಿಂದ ನಾನು ಸುಜಾತಳಿಗೆ ಹೇಳುತ್ತಾ ಬಂದಿರುವ "ಹೂಂ" ಇದೆಯಲ್ಲ, ಅದು ಶುದ್ಧ ರೋಜರ್. ಈ ಸಂತೋಷವನ್ನು ತಡೆಯಲಾರದೆ ಅವಳಿಗೇ ಹೇಳಿದೆ. ಅವತ್ತಿನಿಂದ ಅವಳು ನನ್ನ ಹೂಂ ಸ್ವೀಕರಿಸುವುದಿಲ್ಲ. "ಗ್ಯಾಸ್‌ಗೆ ಬುಕ್ ಮಾಡಿ, ಬರ್ತಾ ಮೊಸರು ತನ್ನಿ. ಎಲ್ಲಿ, ವಿಲ್ಕೋ ಅನ್ನಿ ನೋಡೋಣ" ಎಂದು ಸೌಟು ಹಿಡಿದು ನಿಲ್ಲುತ್ತಾಳೆ. ಬೀದಿಯಲ್ಲೂ ಅದೇ ಗತಿ. ಎರಡು ವಿಮಾನಗಳ ದಾರಿ ಒಂದಕ್ಕೊಂದು ಅಡ್ಡ ಬಂದಾಗ ಬಲಗಡೆ ಇರುವವನಿಗೆ ದಾರಿ ಬಿಡಬೇಕು ಎಂಬುದು ನಿಯಮ. ಅದನ್ನೇ ಗುನುಗುತ್ತಾ ದೇವನಹಳ್ಳಿ ರಸ್ತೆಯಲ್ಲಿ ಹೋಗುತ್ತಿದ್ದವನು, ಬಲಗಡೆ ಸಂದಿಯಿಂದ ಬಂದ ಟೊಮೆಟೊ ಟೆಂಪೋಗೆ ದಾರಿ ಬಿಡಲು ನಡುರಸ್ತೆಯಲ್ಲಿ ಸ್ಕೂಟರ್ ನಿಲ್ಲಿಸಿಬಿಟ್ಟೆ. ಹಿಂದಿದ್ದ ಸರ್ಕಾರಿ ಬಸ್ಸಿನ ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಏನಪ್ಪಾ, ಪೆಟ್ರೋಲ್ ಖಾಲಿನಾ?" ಎಂದ. ನಾನು ತಿರುಗಿದೆ. ಫ್ಲೆಕ್ಸಿನ ಮುಖ ಅವನಿಗೆ ಗುರುತು ಸಿಕ್ಕಿತು. "ಓಹೋ, ಕ್ಯಾಪ್ಟನ್ನು! ಹೋಗಿ ಸಾರ್, ನೀವೇ ಮೊದ್ಲು ಹೋಗಿ" ಎಂದ. ಬಸ್ಸಿಗೆ ಬಸ್ಸೇ ನಕ್ಕಿತು.

ಮೊದಲ ಸಲ ಪರೀಕ್ಷೆಯಲ್ಲಿ ಅರವತ್ತನಾಲ್ಕು ಬಂತು. ಪಾಸಾಗಲು ಎಪ್ಪತ್ತು ಬೇಕು. ಎರಡನೇ ಸಲ ಅರವತ್ತೇಳು. ಅಷ್ಟು ಹೊತ್ತಿಗೆ ಬಸ್ ಸ್ಟ್ಯಾಂಡಿನ ಫ್ಲೆಕ್ಸು ಬಿಸಿಲಿಗೆ ಬಣ್ಣ ಕಳೆದುಕೊಂಡು, ನಾನು ಬಿಳುಚಿಕೊಂಡು ಹೋಗಿದ್ದೆ. ಫ್ಲೆಕ್ಸಿನ ಒಳಗೂ ಹೊರಗೂ. ಅಮ್ಮ ಮಾತ್ರ ತಯಾರಿಯಲ್ಲಿದ್ದಳು, ಸಂಜೆ ಹೋಗುವ ವಿಮಾನಗಳಿಗೆಲ್ಲ ಬರಿಗೈ ಬೀಸಿ ಅಭ್ಯಾಸ ಮಾಡುತ್ತಿದ್ದಳು. ಮೇಲಿನಿಂದ ಚೆನ್ನಾಗಿ ಕಾಣಲಿ ಎಂದು ಕೆಂಪು ಟವಲ್ ಒಂದನ್ನು ಕೊಂಡುತಂದು, ಯಾರೂ ಮೈ ಒರೆಸದ ಹಾಗೆ ಬೀರುವಿನಲ್ಲಿ ಇಟ್ಟಿದ್ದಳು.

ಮೂರನೇ ಸಲಕ್ಕೆ ಓದುವಾಗ ಒಂದು ದಿನ ಮೇಡಂ ನಕ್ಷೆ ಹರಡಿ, "ನಿಮ್ಮನೆ ಎಲ್ಲಿ ಬರುತ್ತೆ ಅಂಕಲ್?" ಎಂದರು. ನಾನು ಹೆಮ್ಮೆಯಿಂದ ಬೆರಳಿಟ್ಟು, ಅಮ್ಮನ ಟವಲಿನ ಕಥೆಯನ್ನೂ ಹೇಳಿದೆ. ಅವರು ನನ್ನ ಬೆರಳನ್ನೇ ನೋಡಿದರು.

"ಅಂಕಲ್, ಇದು ದೊಡ್ಡ ಏರ್‌ಪೋರ್ಟ್‌ನ ಕಂಟ್ರೋಲ್ ಝೋನ್. ಟವರ್‌ನವರ ಅನುಮತಿ ಇಲ್ದೆ ನಮ್ಮ ಪುಟಾಣಿ ವಿಮಾನ ಇದರೊಳಗೆ ಮೂಗು ತೂರಿಸೋ ಹಾಗಿಲ್ಲ."

"ಕೇಳಿದ್ರೆ ಕೊಡಲ್ವಾ ಮೇಡಂ?"

"ಏನಂತ ಕೇಳ್ತೀರಾ? ಅಷ್ಟೂ ಜೆಟ್‌ಗಳನ್ನ ನಿಲ್ಲಿಸಿ, ನಮ್ಮಮ್ಮ ಟವಲ್ ಬೀಸ್ತಾರೆ ಅಂತಾನಾ?" ನಗುತ್ತಾ ಶುರುಮಾಡಿದವರು ನನ್ನ ಮುಖ ನೋಡಿ ನಿಲ್ಲಿಸಿದರು. ಆಮೇಲೆ ಮೆಲ್ಲಗೆ, "ಅನುಮತಿ ಸಿಕ್ಕಿದ್ರೂ ಊರ ಮೇಲೆ ಸಾವಿರ ಅಡಿಗಿಂತ ಕೆಳಗೆ ಬರಂಗಿಲ್ಲ ಅಂಕಲ್. ಅಲ್ಲಿಂದ ಟವಲ್ಲೂ ಕಾಣಲ್ಲ" ಎಂದರು. ನಮ್ಮನ್ನು ಅಭ್ಯಾಸಕ್ಕೆ ಕಳಿಸುವುದೇನಿದ್ದರೂ ಆ ಝೋನಿನ ಆಚೆ, ಮಧುರೆ ಎಂಬ ಹಳ್ಳಿ ಕಡೆಯ ಹೊಲಗಳ ಮೇಲಕ್ಕೆ. ನನಗೆ ಅಲ್ಲೇ ಅಳು ಬಂತು. ವರ್ಷಕ್ಕೂ ಮೇಲೆ ಯಾವ ಒಂದು ಕೆಲಸಕ್ಕಾಗಿ ನಾನು ನಿಯಮ ಕಲಿಯುತ್ತಿದ್ದೆನೋ, ಆ ಕೆಲಸವನ್ನು ಮಾಡಬಾರದು ಎಂಬುದೇ ನಿಯಮ. ಅದು ಎಂಬತ್ತಮೂರನೇ ಪುಟದಲ್ಲಿತ್ತಂತೆ. ಹನ್ನೊಂದರಲ್ಲಿದ್ದವನಿಗೆ ಹೇಗೆ ಗೊತ್ತಾಗಬೇಕು?

ಸುಜಾತಳಿಗೆ ಹೇಳಿದೆ. ಬೈಯಬಹುದಿತ್ತು, ಬೈಯಲಿಲ್ಲ. ಅವಳ ತವರು ಮಧುರೆ. "ಅತ್ತೇನ ನಮ್ಮನೆಗೇ ಕರ್ಕೊಂಡ್ ಹೋಗೋಣ ಬಿಡ್ರೀ. ಅಲ್ಲೇ ನಿಂತು ಬೀಸ್ಲಿ" ಎಂದು ಉಪಾಯ ಹೇಳಿ, ಅಸಲು ವಿಷಯ ಬಿಟ್ಟುಕೊಡದೆ ನಯವಾಗಿ ಅಮ್ಮನ ಕಿವಿಗೆ ಹಾಕಿದಳು. "ಅಲ್ಲಿಂದಾದ್ರೆ ಚೆನ್ನಾಗಿ ಕಾಣುತ್ತಂತೆ ಅತ್ತೆ."

ಅಮ್ಮ ಒಂದೇ ಮಾತಿಗೆ ಮುಗಿಸಿದಳು. "ಬೀಗರ ಮನೆ ಮ್ಯಾಲೆ ನಿಂತ್ಕಂಡು ನಾನ್ಯಾಕೆ ಟವಲ್ ಬೀಸ್ಲಿ? ಅಲ್ಲಿ ಬಂದ್ರೆ ಅವರ ಅಳಿಯ ಹಾರ್ದಂಗಾಯ್ತದೆ. ನನ್ನ ಮಗ ಹಾರ್ದಂಗೆ ಆಗಲ್ಲ."

ಮೂರನೇ ಸಲ ಪರೀಕ್ಷೆಗೆ ಹೋದಾಗ ಪಾಸಾಗುವ ಆಸೆಯೂ ಇರಲಿಲ್ಲ, ಫೇಲಾಗುವ ಭಯವೂ ಇರಲಿಲ್ಲ. ಕಂಪ್ಯೂಟರಿನ ಮುಂದೆ ಕೂತು ಒಂದೊಂದೇ ಪ್ರಶ್ನೆ ದಾಟುತ್ತಿದ್ದೆ. ಕೊನೆಗೆ ಬಂತು ನೋಡಿ. ಅನುಮತಿ ಇಲ್ಲದೆ ಪುಟ್ಟ ವಿಮಾನವೊಂದು ಕಂಟ್ರೋಲ್ ಝೋನಿನ ಒಳಗೆ ಹೋಗಬಹುದೇ? ನಾಲ್ಕು ಉತ್ತರಗಳಲ್ಲಿ ಒಂದು 'ಹಗಲಿನಲ್ಲಿ, ಕಣ್ಣಿಗೆ ಎಲ್ಲ ಚೆನ್ನಾಗಿ ಕಾಣುತ್ತಿದ್ದರೆ ಹೋಗಬಹುದು' ಎಂದಿತ್ತು. ಎಷ್ಟು ಒಳ್ಳೆಯ ಉತ್ತರ! ಸಂಜೆ ಐದು ಗಂಟೆ, ತಿಳಿ ಆಕಾಶ, ತಾರಸಿಯ ಮೇಲೆ ಕೆಂಪು ಟವಲ್, ಎಲ್ಲವೂ ಅದರೊಳಗೆ ಕಾಣಿಸಿತು. ಬಹಳ ಹೊತ್ತು ಅದನ್ನೇ ನೋಡುತ್ತಾ ಕೂತೆ. ಆಮೇಲೆ 'ಹೋಗಬಾರದು' ಎಂಬುದನ್ನು ಒತ್ತಿದೆ. ಫಲಿತಾಂಶ ಬಂದಾಗ ಸರಿಯಾಗಿ ಎಪ್ಪತ್ತು. ಅಮ್ಮನ ಪರವಾದ ಆ ಉತ್ತರ ಒತ್ತಿದ್ದರೆ ಮತ್ತೆ ಫೇಲು.

ಅವತ್ತು ಸಂಜೆ ಲುಂಗಿ ಉಟ್ಟು ತಾರಸಿಗೆ ಹೋದೆ. ಅಮ್ಮ ಅಲ್ಲೇ ಇದ್ದಳು. ಪಾಸಾದೆ ಎಂದೆ. ಪಾಸಾದರೂ ನಮ್ಮ ಮನೆಯ ಮೇಲೆ ಯಾವತ್ತೂ ಬರಲು ಆಗುವುದಿಲ್ಲ, ಅದೇ ರೂಲ್ಸು ಎಂದೂ ಹೇಳಿದೆ. "ಮೊದ್ಲೇ ಹೇಳ್ಬಾರ್ದಿತ್ತಾ? ಸುಮ್ನೆ ಟವಲ್ ತಂದೆ" ಎಂದಳು. ನನಗೆ ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅಷ್ಟರಲ್ಲಿ ದೊಡ್ಡ ವಿಮಾನವೊಂದು ತಲೆಯ ಮೇಲೆ ಬಂತು. ಅಭ್ಯಾಸಬಲದಿಂದ ಅಮ್ಮನ ಕೈ ಮೇಲೆದ್ದಿತು, ನೆನಪಾಗಿ ಅರ್ಧಕ್ಕೇ ನಿಂತಿತು. ಆ ಅರ್ಧ ಎತ್ತಿದ ಕೈ ನೋಡಲು ನನ್ನಿಂದ ಆಗಲಿಲ್ಲ. ಕೆಳಗಿನಿಂದ ಸೂಚನೆ ಬಂದಾಗ ಹಗಲಿನಲ್ಲಿ ವಿಮಾನದವನು ರೆಕ್ಕೆ ಅಲ್ಲಾಡಿಸಿ 'ತಿಳಿಯಿತು' ಎನ್ನಬೇಕು, ಇದೂ ಪುಸ್ತಕದಲ್ಲಿದೆ. ನಾನು ಎರಡೂ ಕೈ ಅಗಲಕ್ಕೆ ಚಾಚಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿದೆ. ಅಮ್ಮ ಬಾಯಿಬಿಟ್ಟುಕೊಂಡು ನೋಡಿದಳು. ಆಮೇಲೆ ಬಾಯಿ ತುಂಬಾ ನಕ್ಕು, ನಾಲ್ಕಡಿ ದೂರದಲ್ಲಿದ್ದ ನನಗೆ ಜೋರಾಗಿ ಕೈ ಬೀಸಿದಳು. ಪಕ್ಕದ ತಾರಸಿಯಲ್ಲಿ ಫೋನ್ ಹಿಡಿದು ನಿಂತಿದ್ದ ನಯಾಜನನ್ನು ನಾವಿಬ್ಬರೂ ನೋಡಲಿಲ್ಲ.

ಮೂರನೇ ದಿನ ಹಳೆಯ ಫ್ಲೆಕ್ಸು ಇಳಿದು ಹೊಸದು ಏರಿತು. ಕೆಳಗೆ ನಮ್ಮ ಮನೆ, ಗೇಟು, ನೀರಿನ ಟ್ಯಾಂಕು. ಅದರ ಮೇಲೆ, ನೀಲಿ ಆಕಾಶದಲ್ಲಿ, ಎರಡೂ ಕೈ ಚಾಚಿಕೊಂಡು ಹಾರುತ್ತಿರುವ ನಾನು. ವಿಮಾನ ಇಲ್ಲ. ಟ್ಯಾಂಕಿನಿಂದ ನಾಲ್ಕಡಿ ಎತ್ತರ ಇರಬಹುದು. ಅನುಮತಿ ಇಲ್ಲದೆ, ಕಂಟ್ರೋಲ್ ಝೋನಿನ ಒಳಗೆ, ಲುಂಗಿಯಲ್ಲಿ. ಕಷ್ಟಪಟ್ಟು ಕಲಿತ ಅಷ್ಟೂ ನಿಯಮಗಳನ್ನು ಒಂದೇ ಫೋಟೋದಲ್ಲಿ ಮುರಿದಿದ್ದೇನೆ.

ಅಮ್ಮ ಈಗ ತಾರಸಿ ಹತ್ತುವುದಿಲ್ಲ. ಸಂಜೆಯಾದರೆ ಕೆಂಪು ಟವಲ್ ಹೆಗಲಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಹೋಗಿ, ಫ್ಲೆಕ್ಸಿನ ಎದುರಿನ ಕಲ್ಲುಬೆಂಚಿನ ಮೇಲೆ ಕೂರುತ್ತಾಳೆ. ಬಸ್ಸಿಗೆ ಕಾಯುವವರಿಗೆಲ್ಲ "ನನ್ನ ಮಗ. ನಮ್ಮನೆ ಮ್ಯಾಲೆ" ಎಂದು ತೋರಿಸುತ್ತಾಳಂತೆ. ಏಳುವ ಮುಂಚೆ ಒಂದು ಸಲ ಟವಲ್ ಬೀಸುತ್ತಾಳಂತೆ. ನಾನು ಆ ದಾರಿಯಲ್ಲಿ ಓಡಾಡುವುದನ್ನೇ ಬಿಟ್ಟಿದ್ದೇನೆ. ಮಿಷನ್ನುಗಳ ಮಧ್ಯೆ ಕೂತು ಹವಾಮಾನದ ಪುಸ್ತಕ ಓದುತ್ತಿದ್ದೇನೆ, ಆ ಪತ್ರಿಕೆ ಇನ್ನೂ ಬಾಕಿ ಇದೆ. ಮೋಡಗಳ ವಿಷಯ ಬಂದಿದೆ. ಸದ್ಯಕ್ಕೆ ಹನ್ನೊಂದನೇ ಪುಟ.