ಬಾಡಿಗೆಗೆ ಕೊಟ್ರೂ ಮನೆ ನಂದೇ ಅಲ್ವಾ ಸಾ?

ಚಾಮರಾಜನಗರದಲ್ಲಿ ವಕೀಲಿಕೆ ಮಾಡುವ ನನಗೆ ಒಂದು ವಿಷಯ ಖಾತ್ರಿಯಾಗಿದೆ. ಮನೆ ಬಾಡಿಗೆಗೆ ಕೊಡುವವರಿಗೆ ತಮ್ಮ ಹಕ್ಕು ಯಾವುದು ಅನ್ನುವುದು ಹುಟ್ಟಿನಿಂದಲೇ ಗೊತ್ತು. ಕರ್ತವ್ಯ ಮಾತ್ರ ನನ್ನ ಆಫೀಸಿಗೆ ಬಂದಾಗಲೇ ಮೊದಲ ಸಲ ಕಿವಿಗೆ ಬೀಳುತ್ತದೆ. ಬಿದ್ದ ಮೇಲೆ ಆಗುವ ಅನಾಹುತಗಳಿಗಂತೂ ಕೊನೆಯೇ ಇಲ್ಲ.

ಒಪ್ಪಿಗೆ

ಗುಂಡ್ಲುಪೇಟೆಯ ಒಬ್ಬ ಮನೆ ಯಜಮಾನಿ. ಬಾಡಿಗೆಗಿದ್ದ ಟೀಚರಮ್ಮ ಶಾಲೆಗೆ ಹೊರಟರೆ ಸಾಕು, ತನ್ನ ಬಳಿಯಿದ್ದ ಬೀಗದ ಕೈಯಲ್ಲಿ ಬಾಗಿಲು ತೆಗೆದು ಒಳಗೆ ಹೋಗಿ, ಸಾರಿನ ಪಾತ್ರೆವರೆಗೂ ತಪಾಸಣೆ ಮಾಡಿ ಬರುತ್ತಿದ್ದಳು. ಟೀಚರಮ್ಮ ದೂರು ತಂದಳು. ನಾನು ಯಜಮಾನಿಯನ್ನು ಕರೆಸಿ, "ಮೊದಲೇ ತಿಳಿಸದೆ, ಅವರು ಒಪ್ಪದೆ ಒಳಗೆ ಕಾಲಿಡೋ ಹಾಗಿಲ್ಲಮ್ಮ" ಅಂದೆ. "ಆಗ್ಲಿ ಸಾ, ಪೋನ್ ಮಾಡ್ಬುಟ್ಟೇ ಓಗ್ತಿನಿ" ಅಂದಳು.

ಮುಂದಿನ ವಾರವೇ ಟೀಚರಮ್ಮ ಮತ್ತೆ ಹಾಜರ್. ಯಜಮಾನಿಯನ್ನು ಕೇಳಿದೆ.

"ಪೋನ್ ಮಾಡ್ದೆ ಸಾ. ಎತ್ನಿಲ್ಲ. ಗಾಬ್ರಿ ಆಗಿ ಒಳಕ್ ಓಗಿ ನೋಡುದ್ರ, ಪೋನ್ ಬುಟ್ಬುಟ್ಟು ಓಗವ್ರ! ಒಲೆ ಪಕ್ಕದಲ್ಲಿ ಬಡ್ಕೊತಾ ಇತ್ತು."

"ಆಮೇಲೆ?"

"ಆಮೇಲೇನು, ನಾನೇ ಎತ್ತಿ, ನನ್ಗ ನಾನೇ ಒಪ್ಪಿಗ ಕೊಟ್ಕಂಡೆ."

ನಲ್ಲಿ

ಚಂದಕವಾಡಿ ಕಡೆಯ ಒಬ್ಬ ಮನೆ ಯಜಮಾನರು. ಬಾಡಿಗೆಯವರು ಮನೆ ಖಾಲಿ ಮಾಡಲಿಲ್ಲ ಅಂತ ನೀರು ಬಂದ್ ಮಾಡಿದ್ದರು.

"ಎಂಥ ಜಗಳವಿದ್ದರೂ ನೀರು, ಕರೆಂಟು ನಿಲ್ಲಿಸೋ ಹಾಗಿಲ್ಲ. ಇವತ್ತೇ ಬಿಡಿ" ಅಂದೆ.

ವಿಧೇಯರಾಗಿ ಹೋಗಿ ನೀರು ಬಿಟ್ಟರು. ಸಂಜೆ ಬಾಡಿಗೆಯವರ ಫೋನ್: "ಸಾ, ಮನೆ ತುಂಬ ನೀರು! ಕಾಲಿಡಕ್ಕೂ ಜಾಗ ಇಲ್ಲ."

ಯಜಮಾನರಿಗೆ ಫೋನ್ ಮಾಡಿ ವಿಚಾರಿಸಿದೆ. "ನೀರು ನಿಲ್ಲಿಸ್ಬ್ಯಾಡ ಅಂದ್ರಿ, ನಿಲ್ಲಿಸ್ನಿಲ್ಲ. ನಲ್ಲಿ ಮಾತ್ರ ಕಿತ್ಕಬಂದಿವ್ನಿ" ಅಂದರು.

ಬಾಗಿಲು

ಇದು ನಮ್ಮ ಬೀದಿಯಲ್ಲೇ ಆದದ್ದು. ಬದನಗುಪ್ಪೆಯ ಫ್ಯಾಕ್ಟರಿಗೆ ಬಂದ ಹೊಸ ಮ್ಯಾನೇಜರಿಗೆ ಮನೆ ಕೊಡುವ ಆಸೆಗೆ ಬಿದ್ದ ಯಜಮಾನ, ಕೆಳಗಿನ ಮನೆಯ ಹಳೆಯ ಬಾಡಿಗೆದಾರನನ್ನು ಓಡಿಸಲು ಒಂದು ಬೆಳಿಗ್ಗೆ ಮುಂಬಾಗಿಲನ್ನೇ ಬಿಚ್ಚಿಸಿದ. ಬಾಡಿಗೆದಾರ ಕೇಳಿದ್ದಕ್ಕೆ, "ರಿಪೇರಿ ಕಣಪ್ಪ. ರಿಪೇರಿ ಮಾಡ್ಸದು ಓನರ್ ಜವಾಬ್ದಾರಿ ಅಂತ ಲಾಯರ್ರೇ ಹೇಳವ್ರ" ಅಂದ.

ಪಾಪ, ಬಾಡಿಗೆದಾರನ ಹೆಂಡತಿ ಬಸುರಿ, ಜೊತೆಗೆ ವಯಸ್ಸಾದ ತಾಯಿ. ಆತ ಓಡಿಬಂದು ನನ್ನೆದುರು ಕಣ್ಣೀರು ಹಾಕಿದ. "ದೂರು ಬರೆಯೋಣ. ಬಾಗಿಲು ಬರೋವರೆಗೂ ನಿಮ್ಮನ್ನ ಕ್ಷೇಮವಾಗಿ ಇಡೋದು ಯಜಮಾನನದೇ ಹೊಣೆ" ಅಂದೆ. ಆತ ದೂರು ಬರೆಯುವವರೆಗೂ ಕಾಯಲಿಲ್ಲ. ಹೆಂಡತಿ, ತಾಯಿ, ಹಾಸಿಗೆ, ಕುಕ್ಕರ್ ಸಮೇತ ಮಹಡಿ ಹತ್ತಿ ಯಜಮಾನನ ಮನೆಯ ಹಾಲ್‌ನಲ್ಲಿ ಬಿಡಾರ ಹೂಡಿದ.

ಯಜಮಾನ ಕೂಗಾಡಿದ. ಆದರೆ ಆತನ ಹೆಂಡತಿ, "ಬಸುರಿ ಹೆಂಗಸ್ನ ಬಾಗ್ಲಿಲ್ಲದ್ ಮನೇಲಿ ಮಲಗುಸ್ತಿದ್ರಾ?" ಅಂತ ಗದರಿ, ಒಳಗಿನ ಮಂಚವನ್ನೇ ಆ ಹುಡುಗಿಗೆ ಬಿಟ್ಟುಕೊಟ್ಟಳು. ಮುದುಕಿಯ ಕೈಯ ಉಪ್ಸಾರು ಇಡೀ ಮನೆಗೆ ಹಿಡಿಸಿಬಿಟ್ಟಿತು.

ಯಜಮಾನ ಅವಸರದಲ್ಲಿ ಬಾಗಿಲು ಹಾಕಿಸಿದ. ಆದರೂ ಆತನ ಹೆಂಡತಿ, ಹೆರಿಗೆಯಾಗುವವರೆಗೂ ಅವರನ್ನು ಕಳಿಸುವುದಿಲ್ಲ ಅಂತ ಹಟ ಹಿಡಿದಳು. "ಜಾಗ ಸಾಲ್ದೋದ್ರ ನೀವೇ ಕೆಳಗ್ ಓಗಿ. ಬಾಗ್ಲು ಹಾಕ್ಸಿದ್ದೀರಿ ಅಲ್ವಾ?" ಅಂದಳು.

ಮರುದಿನ ಯಜಮಾನ ದಿಂಬು ಕಂಕುಳಲ್ಲಿಟ್ಟುಕೊಂಡೇ ನನ್ನ ಆಫೀಸಿಗೆ ಬಂದ. ನೀರು ಕುಡಿದ. ಆಮೇಲೆ ದನಿ ತಗ್ಗಿಸಿ ಕೇಳಿದ:

"ಸಾ, ಈಗ ಕೆಳಗಿನ್ ಮನೇಲಿ ನಾನು ಇವ್ನಿ. ಬಾಡ್ಗ ನಾನು ಅವ್ರ್‌ಗ ಕೊಡ್ಬೇಕಾ?"