ಬಿಕ್ಕುವ ಮಾಮಾ

ನಮ್ಮ ಸೋದರಮಾವನನ್ನು ಸುಲಭಕ್ಕೆ ನಂಬಬೇಡಿ! ಹಿರೇಕೆರೂರಿನಲ್ಲಿ ಗೋವಿನಜೋಳದ ವ್ಯಾಪಾರ, ಸೋಮವಾರ ಭಜನೆ, ಹಣೆತುಂಬ ವಿಭೂತಿ. ಇಷ್ಟು ನೆಟ್ಟಗಿರುವ ಮನುಷ್ಯ ಏನನ್ನೋ ಮುಚ್ಚಿಟ್ಟಿರಲೇಬೇಕಲ್ಲವೇ?

ಹೋದ ವರ್ಷ ನನ್ನ ಗುಮಾನಿಗೆ ಆಧಾರವೂ ಸಿಕ್ಕಿತು. ಜೋಳದ ಚೀಲಗಳ ಸಂದಿಯಲ್ಲಿ ಕುಳಿತು, ಕಿವಿಗೆ ಮೊಬೈಲಿನ ವೈರು ಸಿಕ್ಕಿಸಿಕೊಂಡು, ಮಾಮಾ ನರಳತೊಡಗಿದ. ಹೊಟ್ಟೆನೋವಿರಬೇಕೆಂದು ಅತ್ತೆ ಅಜವಾನದ ಕಷಾಯ ಕುಡಿಸಿದಳು. ಕುಡಿದು ಮತ್ತೆ ನರಳಿದ. ಇದು ಹೊಟ್ಟೆಯದಲ್ಲ, ಯಾವಳೋ ಹೆಂಗಸಿನ ವಿಷಯ ಎಂದು ಅತ್ತೆಗೆ ಅನ್ನಿಸಿತು. ಪತ್ತೆ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಒಂದು ದಿನ ವೈರು ಕಿತ್ತು ನನ್ನ ಕಿವಿಗೆ ಹಾಕಿಕೊಂಡೆ. ಹೆಂಗಸಲ್ಲ! ಯಾರೋ ಗಂಡಸು ತಿಳಿಯದ ಭಾಷೆಯಲ್ಲಿ ದೇವರಿಗೆ ಮೊರೆಯಿಡುವಂತೆ ಹಾಡುತ್ತಿದ್ದ. ಅನುಮಾನ ಇನ್ನೂ ಹೆಚ್ಚಾಯಿತು.

ಮಾಮಾ ಗಂಭೀರವಾಗಿ ವಿವರಿಸಿದ. ಯಹೂದಿಗಳ ಪ್ರಾರ್ಥನಾ ಮಂದಿರದಲ್ಲಿ ಮುಂದೆ ನಿಂತು ಹಾಡುವವನಿಗೆ ಯಿಡ್ಡಿಶ್ ಭಾಷೆಯಲ್ಲಿ ‘ಖಾಜನ್’ ಎನ್ನುತ್ತಾರಂತೆ. ಹಾಡಿನ ನಡುವೆ ಅವನು ಬಿಕ್ಕುವುದಕ್ಕೆ ‘ಕ್ರೆಖ್ತ್ಸ್’. ಬಿಕ್ಕಿಗೂ ಒಂದು ಹೆಸರೇ!

ಸೋಮವಾರದ ಭಜನೆಯಲ್ಲಿ ಅದನ್ನು ಪ್ರಯೋಗಿಸಿಯೂ ನೋಡಿದ. ಪೇಟಿ ನುಡಿಸುವ ಹಿರಿಯರಿಗೆ ಇವನ ಕೊರಳಿನ ಮೇಲೆ ಮೊದಲೇ ನಂಬಿಕೆಯಿಲ್ಲ. ನಮ್ಮ ಅಜ್ಜ, ಅಂದರೆ ಅವನಪ್ಪ, ತೀರಿಕೊಂಡಾಗ ಮಾಮಾ ಅಳು ತಡೆಯದೆ ಭಜನೆಯನ್ನು ಅರ್ಧಕ್ಕೇ ಬಿಟ್ಟು ಎದ್ದುಹೋಗಿದ್ದ. ಈಗ ಬಿಕ್ಕಿದ ಕೂಡಲೇ ಅವರು ಪೇಟಿ ನಿಲ್ಲಿಸಿ ನೀರಿನ ತಂಬಿಗೆ ಮುಂದಿಟ್ಟರು. ಮುಂದಿನ ವಾರ ಬೆನ್ನು ತಟ್ಟಿದರು. ಆಮೇಲೆ ಅವನ ವಿಭೂತಿಯನ್ನೇ ದಿಟ್ಟಿಸತೊಡಗಿದರು, ಧರ್ಮ ಬಿಟ್ಟನೋ ಹೇಗೆ? ಇವನ ಬದಲು ಬೇರೆಯವರಿಂದ ಹಾಡಿಸುವ ಮಾತೂ ಬಂತು.

ಯಾಕೆ ಈ ಉಸಾಬರಿ ಎಂದು ನಾನು ಕೇಳಿದೆ.

“ಅತ್ತರೂ ಹಾಡು ನಿಲ್ಲಬಾರದವಾ. ಆ ಖಾಜನ್ ಮಂದಿಗೆ ಅದು ಬರತೈತಿ,” ಎಂದ. ಅಳುವಂಥದ್ದು ಏನಾಗಿದೆ ಎಂದರೆ ಚೀಲ ಎಣಿಸಲು ಎದ್ದುಹೋದ. ನಂಬುವುದು ಹೇಗೆ?

ಮೊನ್ನೆ ನಮ್ಮವ್ವ ತೀರಿಕೊಂಡಳು. ಅವಳ ಹೃದಯ ಸೋತಿರುವುದು ಅವಳಿಗೂ ಅವಳ ತಮ್ಮನಿಗೂ ವರ್ಷದಿಂದ ಗೊತ್ತಿತ್ತಂತೆ, ನಮಗೆ ಹೇಳಿರಲಿಲ್ಲ. ಸತ್ತವರನ್ನು ಕೂರಿಸಿ, ಮಣ್ಣಿಗೆ ಒಯ್ಯುವವರೆಗೆ ಭಜನೆ ಮಾಡುವುದು ನಮ್ಮ ಪದ್ಧತಿ. ಅವ್ವ ಮೊದಲೇ ತಮ್ಮನಿಂದ ಮಾತು ತೆಗೆದುಕೊಂಡಿದ್ದಳು: “ಅಪ್ಪನ ಮುಂದಿಂದ ಎದ್ದು ಹೋದಿ. ನನ್ನ ಮುಂದಿಂದ ಹೋಗಬ್ಯಾಡಪಾ.”

ಮಾಮಾ ಅವಳೆದುರು ಕುಳಿತು ಹಾಡಿದ. ಮುಖ ನೋಡಿದ್ದೇ ಕೊರಳು ಒಡೆಯಿತು. ಬಿಕ್ಕು ಬಂತು, ಹಾಡಿನೊಳಗೇ ಸೇರಿಕೊಂಡು ಮುಂದೆ ಹೋಯಿತು. ಮತ್ತೆ ಬಂತು. ಪೇಟಿಯ ಹಿರಿಯರು ಪಕ್ಕದಲ್ಲಿದ್ದ ತಂಬಿಗೆಯನ್ನು ಮುಟ್ಟಲಿಲ್ಲ. ಕಣ್ಣೀರು ಒರೆಸಿಕೊಳ್ಳದೆ ನುಡಿಸುತ್ತಲೇ ಇದ್ದರು. ಅವ್ವನನ್ನು ಎತ್ತುವವರೆಗೂ ಮಾಮಾ ಏಳಲಿಲ್ಲ.