ಪೆಡಲು ಬಿಡದ ಪಾದಗಳ ಬಗ್ಗೆ ಪರಿಷ್ಕೃತ ಆದೇಶ

ಟಾನೆನ್‌ಬಾಖ್ ಪುರಸಭೆ, ಬ್ಲ್ಯಾಕ್ ಫಾರೆಸ್ಟ್ ಪ್ರಾಂತ
ಕಾಡುದಾರಿ ಮತ್ತು ಸೈಕಲ್ ವಿಭಾಗ

ಸಂಖ್ಯೆ: ಕಾಸೈವಿ/ಪಾದ/ಬಿಡದು/17-ಬಿ
ದಿನಾಂಕ: ಗುರುವಾರ, ಮಧ್ಯಾಹ್ನ

ವಿಷಯ: ಬೆಟ್ಟದ ಸೈಕಲ್ಲಿನ ಕ್ಲಿಪ್‌ಲೆಸ್ (ಬೂಟಿನ ಅಡಿಯ ಬಿಲ್ಲೆಯನ್ನು ಕಚ್ಚಿ ಹಿಡಿಯುವ) ಪೆಡಲಿಗೆ ಸಿಕ್ಕಿಕೊಂಡ ಬೂಟು ಬಿಟ್ಟುಕೊಡದಿರುವ ಹಾಗೂ ತತ್ಪರಿಣಾಮವಾಗಿ ಸಿಬ್ಬಂದಿ ನೆಲ ಸೇರುತ್ತಿರುವ ಬಗ್ಗೆ.

ಉಲ್ಲೇಖ:
1) ನಿರ್ದೇಶಕರಾದ ಡಾ. ಎಕ್‌ಬರ್ಟ್ ನ್ಯೂಸ್ಲೆ ಅವರು ಸ್ವತಃ ಬರೆದ ಹಿಂದಿನ ಸುತ್ತೋಲೆ.
2) ಸಿಗ್ನಲ್ ಪಕ್ಕದ ಬೇಕರಿಯ ಮಾಲಕಿ ಶ್ರೀಮತಿ ಓಟಿಲಿಯ ಕ್ನೆಬೆಲ್ ಅವರ ದೂರು.
3) ನಿರ್ದೇಶಕರು ಮಂಗಳವಾರ ರಸ್ತೆಯ ಮೇಲೆ ಮಲಗಿದ್ದಾಗ ನೀಡಿದ ಮೌಖಿಕ ನಿರ್ದೇಶನ.

ಬರುವ ಶನಿವಾರ ಹೊಸ ಕಾಡುದಾರಿಯ ಉದ್ಘಾಟನೆ ನಿಗದಿಯಾಗಿದೆ. ನಿರ್ದೇಶಕರು ಬೆಟ್ಟದಿಂದ ಸೈಕಲ್ಲಿನಲ್ಲಿ ಇಳಿದು, ರಿಬ್ಬನ್ನಿನ ಮುಂದೆ ನಿಂತು, ಒಂದು ಕಾಲನ್ನು ನೆಲಕ್ಕೆ ಊರಿ, ರಿಬ್ಬನ್ ಕತ್ತರಿಸುವುದೆಂದು ತೀರ್ಮಾನಿಸಲಾಗಿದೆ. ಇಳಿಯುವ ಬಗ್ಗೆ ಯಾರಿಗೂ ಸಂಶಯವಿಲ್ಲ. ಕಾಲೂರುವ ಬಗ್ಗೆ ಪುರಸಭೆಯಲ್ಲಿ ಪಂದ್ಯ ಕಟ್ಟಲಾಗುತ್ತಿದೆ ಎಂಬುದು ಗಮನಕ್ಕೆ ಬಂದಿರುವುದರಿಂದ, ಈ ಕೆಳಕಂಡಂತೆ ಆದೇಶಿಸಲಾಗಿದೆ.

1. ಹಿಂದಿನ ಸುತ್ತೋಲೆಯಲ್ಲಿ ‘ಬೂಟು ಸುಲಭವಾಗಿ ಬಿಡುವಂತಾಗಲು ಸ್ಕ್ರೂ ಲ್ಯೋಜನ್ ಮಾಡತಕ್ಕದ್ದು’ ಎಂದು ಸೂಚಿಸಲಾಗಿತ್ತು. ನಮ್ಮ ಜರ್ಮನ್ ಭಾಷೆಯಲ್ಲಿ ಸಡಿಲಿಸುವುದಕ್ಕೂ, ಬಿಡಿಸುವುದಕ್ಕೂ, ಸಮಸ್ಯೆ ಬಗೆಹರಿಸುವುದಕ್ಕೂ ಲ್ಯೋಜನ್ ಎಂಬ ಒಂದೇ ಪದವಿರುವುದು ಆಡಳಿತಕ್ಕೆ ದೊಡ್ಡ ಅನುಕೂಲವೆಂದು ಇದುವರೆಗೆ ನಂಬಲಾಗಿತ್ತು. ಯಾವ ಸ್ಕ್ರೂ ಎಂದು ಸುತ್ತೋಲೆಯಲ್ಲಿ ಹೇಳಿರಲಿಲ್ಲ. ಶಿಸ್ತಿನ ಸಿಬ್ಬಂದಿ ಕಣ್ಣಿಗೆ ಬಿದ್ದ ಎಲ್ಲ ಸ್ಕ್ರೂಗಳನ್ನೂ ಸಡಿಲಿಸಿರುತ್ತಾರೆ.

2. ಸಡಿಲಿಸಬೇಕಾಗಿದ್ದುದು ಪೆಡಲಿನ ಹಿಡಿತದ ಸ್ಕ್ರೂ ಮಾತ್ರ. ಬೂಟಿನ ಅಡಿಯ ಲೋಹದ ಬಿಲ್ಲೆಯನ್ನು ಹಿಡಿದಿರುವ ಸ್ಕ್ರೂ ಬಿಗಿಯಾಗಿಯೇ ಇರಬೇಕು. ಅದು ಸಡಿಲವಾದರೆ ಹಿಮ್ಮಡಿಯನ್ನು ಹೊರಕ್ಕೆ ಎಷ್ಟು ತಿರುಚಿದರೂ ಬೂಟು ಮಾತ್ರ ತಿರುಗುತ್ತದೆ. ಬಿಲ್ಲೆ ಪೆಡಲಿನಲ್ಲೇ ಕೂತಿರುತ್ತದೆ. ಆದ್ದರಿಂದ ಪರಿಹಾರ ಬಿಗಿ ಮಾಡುವುದೇ ಆಗಿದೆ. ಆದರೆ ಹಿಂದಿನ ಸುತ್ತೋಲೆಯು ಇನ್ನೂ ಜಾರಿಯಲ್ಲಿರುವ ಕಾರಣ, ಬಿಗಿ ಮಾಡುವುದನ್ನು ಅವಿಧೇಯತೆ ಎಂದು ಪರಿಗಣಿಸಲಾಗುವುದು.

3. ಪೆಡಲಿನೊಳಗೆ ಸೇರಿದ ಕೆಸರು ಕಾಡಿನ ಸ್ವತ್ತು. ಅದನ್ನು ಯಾವ ದಾರಿಯಿಂದ ತರಲಾಗಿದೆಯೋ ಅದೇ ದಾರಿಗೆ ಹಿಂದಿರುಗಿಸಿದ ನಂತರವೇ ಪೆಡಲಿಗೆ ಎಣ್ಣೆ ಬಿಡತಕ್ಕದ್ದು.

4. ಊರಿನ ಏಕೈಕ ಸಿಗ್ನಲ್ಲಿನಲ್ಲಿ ಕೆಂಪು ದೀಪ ಇದ್ದಾಗ, ರಸ್ತೆಯಲ್ಲಿ ನರಪಿಳ್ಳೆ ಇಲ್ಲದಿದ್ದರೂ, ನಿಲ್ಲತಕ್ಕದ್ದು. ನಾವು ನಿಲ್ಲುವ ಜನ. ನಿಲ್ಲಲು ಕಾಲು ಬೇಕು ಎಂಬ ನೆಪವನ್ನು ಅಂಗೀಕರಿಸಲಾಗುವುದಿಲ್ಲ. ಕೆಂಪು ದೀಪಕ್ಕೆ ಬೀಳುವುದು ಕ್ರಮಬದ್ಧ. ಹಸಿರು ದೀಪಕ್ಕೆ ಬೀಳುವುದು ಸಂಚಾರಕ್ಕೆ ಅಡ್ಡಿ.

5. ಬಲಕ್ಕೆ ಬೀಳುವುದನ್ನು ಈ ಮೂಲಕ ನಿಷೇಧಿಸಿದೆ. ಬಲಕ್ಕೆ ಬೇಕರಿಯ ಹೊರಮೇಜಿದ್ದು, ಉಲ್ಲೇಖ (2)ರ ದೂರಿನ ಪ್ರಕಾರ ಮಂಗಳವಾರ ಒಂದು ಇಡೀ ತಟ್ಟೆ ಪ್ಲಮ್ ಕೇಕಿನ ಮೇಲೆ ಅಧಿಕಾರಿಯೊಬ್ಬರು ಕೂತಿರುತ್ತಾರೆ. ಅಧಿಕಾರಿಯ ಹೆಸರನ್ನು ಘನತೆಯ ದೃಷ್ಟಿಯಿಂದ ಇಲ್ಲಿ ನಮೂದಿಸಿಲ್ಲ. ಉಲ್ಲೇಖ (3) ನೋಡುವುದು.

6. ಊರಿನ ನಿಯಮದಂತೆ ಸದ್ದು ಮಾಡಬಾರದ ಮಧ್ಯಾಹ್ನದ ನಿಶ್ಶಬ್ದ ವೇಳೆಯಲ್ಲೂ, ಭಾನುವಾರ ಇಡೀ ದಿನವೂ ಬೀಳುವಂತಿಲ್ಲ. ಅನಿವಾರ್ಯವಾದಲ್ಲಿ ನೆರೆಹೊರೆಯವರಿಗೆ ಮುಂಚಿತವಾಗಿ ತಿಳಿಸಿ, ಸದ್ದಿಲ್ಲದೆ ಬೀಳತಕ್ಕದ್ದು. ಬಿದ್ದ ನಂತರ ಸೈಕಲ್ಲಿಗೆ ಬೈಯುವವರು ಪಿಸುದನಿಯಲ್ಲಿ ಬೈಯಬೇಕು.

7. ಬೇಕರಿ ಮುಂದಿನ ಬೆಂಚಿನಲ್ಲಿ ಬೆಳಗಿನ ಕಾಫಿಗೆ ಕೂರುವ ನಿವೃತ್ತ ಅಂಚೆಯಣ್ಣ ಶ್ರೀ ಆಲ್ವಿನ್ ಗ್ರೀಸ್‌ಹಾಬರ್ ಮತ್ತು ಸಂಗಡಿಗರು ಈ ಕೆಳಗಿನ ಮಾತುಗಳನ್ನು ಆಡಕೂಡದು:
(ಅ) ‘ಡಾಕ್ಟ್ರೇ, ಇವತ್ತು ಬಲಕ್ಕೋ ಎಡಕ್ಕೋ?’
(ಆ) ‘ಇಳಿಯೋಕೆ ಅರ್ಜಿ ಹಾಕಿದ್ರಾ, ಇನ್ನೂ ಮಂಜೂರಾಗ್ಲಿಲ್ವಾ?’
(ಇ) ‘ಹಸಿರು ಬಂತು ಕಣ್ರೀ, ಎದ್ದೇಳಿ. ಆಮೇಲೆ ಮತ್ತೆ ಬೀಳೋರಂತೆ.’
(ಈ) ‘ಓಟಿಲಿಯಮ್ಮಾ, ಕೇಕು ಒಳಗಿಡು, ಸಾಹೇಬ್ರು ಬರ್ತಾ ಇದಾರೆ.’
ಇವುಗಳಲ್ಲಿ (ಈ) ಅನ್ನು ಸಾರ್ವಜನಿಕ ಹಿತದೃಷ್ಟಿಯಿಂದ ಸಡಿಲಿಸಲಾಗಿದೆ.

8. ಬೂಟನ್ನು ಪೆಡಲಿನಲ್ಲೇ ಬಿಟ್ಟು ಕಾಲನ್ನು ಮಾತ್ರ ಕಿತ್ತುಕೊಂಡು ಬರಲು ಕೆಳದರ್ಜೆಯ ಸಿಬ್ಬಂದಿಗೆ ಮಾತ್ರ ಅನುಮತಿಯಿದೆ. ನಿರ್ದೇಶಕ ದರ್ಜೆಯವರು ಸಾರ್ವಜನಿಕ ಸ್ಥಳದಲ್ಲಿ ಕಾಲುಚೀಲದಲ್ಲಿ ಕಾಣಿಸಿಕೊಳ್ಳುವುದು ಹುದ್ದೆಗೆ ಶೋಭೆಯಲ್ಲ ಎಂದು ಡಾ. ನ್ಯೂಸ್ಲೆ ಅವರೇ ಹಿಂದೆ ಆದೇಶ ಹೊರಡಿಸಿದ್ದು, ಅದನ್ನು ಅತ್ಯಂತ ಗೌರವದಿಂದ ಮುಂದುವರಿಸಲಾಗಿದೆ.

9. ಸ್ಕ್ರೂ ಬಿಗಿ ಮಾಡಬಲ್ಲ ಅಲೆನ್ ಕೀ ವಿಭಾಗದಲ್ಲಿ ಒಂದೇ ಇದ್ದು, ಉಪನಿರ್ದೇಶಕಿಯವರ ಮೇಜಿನ ಡ್ರಾಯರಿನಲ್ಲಿ ಭದ್ರವಾಗಿದೆ. ಅದನ್ನು ಪಡೆಯಲು ನಿರ್ದೇಶಕರು ಖುದ್ದಾಗಿ ಮೊದಲ ಮಹಡಿಗೆ ಮೆಟ್ಟಿಲು ಹತ್ತಿ ಬಂದು ಅನುಮತಿ ನೀಡತಕ್ಕದ್ದು. ಸೈಕಲ್ಲನ್ನು ಮೆಟ್ಟಿಲ ಮೇಲೆ ತರುವಂತಿಲ್ಲ.

10. ಸೈಕಲ್ಲಿಗೆ ಅಂಟಿಕೊಂಡಿರುವ ಅಧಿಕಾರಿಯನ್ನು, ಅಂಟಿಕೊಂಡಿರುವಷ್ಟು ಕಾಲವೂ, ಪ್ರವಾಸದಲ್ಲಿದ್ದಾರೆಂದು ಪರಿಗಣಿಸಲಾಗುವುದು. ಪ್ರವಾಸದ ಅವಧಿಯಲ್ಲಿ ಅವರ ಎಲ್ಲ ಅಧಿಕಾರಗಳು ಉಪನಿರ್ದೇಶಕಿಯವರಿಗೆ ತಾನಾಗಿಯೇ ಹಸ್ತಾಂತರಗೊಳ್ಳುತ್ತವೆ.

11. ಇಂದು ಬೆಳಿಗ್ಗೆ ಡಾ. ನ್ಯೂಸ್ಲೆ ಅವರು ಸಿಗ್ನಲ್ಲಿನಲ್ಲಿ ನಿಂತು, ಬೀಳುವ ಮೊದಲೇ ದೀಪದ ಕಂಬವನ್ನು ತಬ್ಬಿಕೊಂಡಿರುತ್ತಾರೆ. ಅವರ ಸಮಯಪ್ರಜ್ಞೆಯನ್ನು ವಿಭಾಗವು ಶ್ಲಾಘಿಸುತ್ತದೆ. ಆಗಿನಿಂದ ದೀಪ ಎಷ್ಟೋ ಬಾರಿ ಹಸಿರಾಗಿದ್ದರೂ, ಹೊರಟರೆ ಮುಂದೆಲ್ಲಾದರೂ ನಿಲ್ಲಬೇಕಾಗುತ್ತದೆ ಎಂಬ ದೂರದೃಷ್ಟಿಯಿಂದ ಅವರು ಕಂಬ ಬಿಟ್ಟಿರುವುದಿಲ್ಲ. ಅಂಶ 10 ಈ ಕ್ಷಣದಿಂದ ಜಾರಿಗೆ ಬರುತ್ತದೆ.

12. ಶನಿವಾರದ ರಿಬ್ಬನ್ನನ್ನು ಪ್ರಭಾರ ನಿರ್ದೇಶಕಿಯವರು ಕತ್ತರಿಸುವರು. ಅವರು ನಡೆದು ಬರುವರು. ಮಾಮೂಲಿ ಚಪ್ಪಲಿಯಲ್ಲಿ.

(ಸಹಿ)
ಗುಡ್ರುನ್ ಹೆಸ್ಪೆಲರ್
ಉಪನಿರ್ದೇಶಕಿ ಹಾಗೂ, ಅಂಶ 10ರಂತೆ, ಪ್ರಭಾರ ನಿರ್ದೇಶಕಿ

ಪ್ರತಿಗಳು:
1) ಪುರಸಭಾಧ್ಯಕ್ಷರಿಗೆ, ಪಂದ್ಯದ ಹಣ ಹಿಂದಿರುಗಿಸುವ ಕೋರಿಕೆಯೊಂದಿಗೆ.
2) ಶ್ರೀಮತಿ ಓಟಿಲಿಯ ಕ್ನೆಬೆಲ್ ಅವರಿಗೆ. ಕೇಕನ್ನು ನಾಳೆಯಿಂದ ಹೊರಗಿಡಬಹುದು, ಇವತ್ತು ಬೇಡ.
3) ಶ್ರೀ ಆಲ್ವಿನ್ ಗ್ರೀಸ್‌ಹಾಬರ್ ಮತ್ತು ಬೆಂಚಿಗೆ, ಗಟ್ಟಿಯಾಗಿ ಓದಿ ಹೇಳಲು.
4) ಡಾ. ಎಕ್‌ಬರ್ಟ್ ನ್ಯೂಸ್ಲೆ ಅವರಿಗೆ, ಕಂಬದ ಬಳಿ, ಖುದ್ದಾಗಿ. ಒಂದು ಕೈಯಲ್ಲಿ ಪ್ರತಿಯನ್ನು, ಇನ್ನೊಂದು ಕೈಯಲ್ಲಿ ಪೆನ್ನನ್ನು ಹಿಡಿದು ಸ್ವೀಕೃತಿ ಸಹಿ ಮಾಡತಕ್ಕದ್ದು.